ಥೈರಾಯ್ಡ್ ಹಾರ್ಮೋನಿಗೂ ಮೀನಿನ ಕಣ್ಣಿಗೂ ಏನು ನಂಟು?

ಪ್ರಶ್ನೆ (ಪಿಯು ಜೀವಶಾಸ್ತ್ರ ಉಪನ್ಯಾಸಕಿ, ಶಿರಸಿ):
ನಮಸ್ಕಾರ ಸರ್. ಗೊದಮೊಟ್ಟೆ ಕಪ್ಪೆಯಾಗಲು ಥೈರಾಕ್ಸಿನ್ (ಥೈರಾಯ್ಡ್ ಗ್ರಂಥಿಯ ಹಾರ್ಮೋನ್) ಬೇಕು ಅಂತ ಪಾಠ ಮಾಡ್ತಿದ್ದೆ. ಒಬ್ಬ ಹುಡುಗ ಎದ್ದು, "ಮೀನಿಗೆ ಥೈರಾಕ್ಸಿನ್ ಕೊಟ್ರೆ ಅದಕ್ಕೆ ಕಾಣೋ ಬಣ್ಣಾನೇ ಬದಲಾಗುತ್ತಂತೆ, ಹೌದಾ ಮೇಡಂ?" ಅಂದ. ನನಗೆ ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಜೀಬ್ರಾಫಿಶ್ ಸಾಕಿದ್ದಾರೆ. ಅಮ್ಮನ ಥೈರಾಯ್ಡ್ ಮಾತ್ರೆ ತೊಟ್ಟಿಗೆ ಹಾಕಿ ನೋಡ್ಲಾ ಅಂತಲೂ ಕೇಳಿದ. ಏನು ಹೇಳಲಿ?

ಉತ್ತರ (ಮೀನಿನ ದೃಷ್ಟಿ ಕುರಿತ ಸಂಶೋಧಕ):
ಮೇಡಂ, ಮಾತ್ರೆ ಹಾಕೋದು ಬೇಡವೇ ಬೇಡ ಅಂತ ಇವತ್ತೇ ಹೇಳಿಬಿಡಿ. ಆದರೆ ಅವನು ಕೇಳಿದ ವಿಷಯ ನಿಜ.

ನಮ್ಮಲ್ಲಿ ಹಿಮಾಚಲ, ಕಾಶ್ಮೀರದ ತಣ್ಣೀರಿನಲ್ಲಿ ಸಾಕುವ ರೇನ್‌ಬೋ ಟ್ರೌಟ್ ಮೀನು ಇದೆಯಲ್ಲ, ಅದರ ಅಕ್ಷಿಪಟಲವನ್ನು (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ) ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಶಂಕುಕೋಶಗಳು, ಅಂದರೆ ಬಣ್ಣ ಗುರುತಿಸುವ ಕೋಶಗಳು, ಸಾಲಾಗಿರುತ್ತವೆ. ನಾಲ್ಕು ಜೋಡಿ ಕೋಶಗಳು ಸೇರಿ ಒಂದು ಚೌಕ, ನಡುವೆ ಒಂದು ಒಂಟಿ ಕೋಶ. ಮರಿಗಳಲ್ಲಿ ಚೌಕದ ಮೂಲೆಗಳಲ್ಲೂ ಒಂಟಿ ಕೋಶಗಳಿರುತ್ತವೆ. ಅವು ನಮಗೆ ಕಾಣದ ನೇರಳಾತೀತ ಬೆಳಕನ್ನು ಹಿಡಿಯುವಂಥವು. ಮೀನು ಬೆಳೆದಂತೆ ಈ ಮೂಲೆಯ ಕೋಶಗಳು ಬಹುಪಾಲು ಮಾಯವಾಗುತ್ತವೆ. 1992ರಲ್ಲಿ ಕೆನಡಾದ ಬ್ರೌಮನ್ ಮತ್ತು ಹಾರಿಶಿನ್ ಎಳೆಯ ಟ್ರೌಟ್‌ಗೆ ಥೈರಾಕ್ಸಿನ್ ಕೊಟ್ಟು ನೋಡಿದರು. ಮೀನಿನ ನೇರಳಾತೀತ ದೃಷ್ಟಿ ಅವಧಿಗೆ ಮುಂಚೆಯೇ ಹೊರಟುಹೋಯಿತು.

ಮರಿಗೆ ಆ ದೃಷ್ಟಿಯಿಂದ ಏನು ಉಪಯೋಗ? ಊಟ. ನೀರಿನ ಮೇಲ್ಪದರದಲ್ಲಿ ತೇಲುವ ಡಾಫ್ನಿಯಾದಂಥ ಪುಟ್ಟ ಜೀವಿಗಳು ನೇರಳಾತೀತ ಬೆಳಕಿನಲ್ಲಿ ಹಿನ್ನೆಲೆಯಿಂದ ಎದ್ದು ಕಾಣುತ್ತವೆ. ಹಾರ್ಮೋನ್ ಪಡೆದು ಆ ಕೋಶಗಳನ್ನು ಕಳೆದುಕೊಂಡ ಟ್ರೌಟ್‌ಗಳಿಗೆ ಡಾಫ್ನಿಯಾ ಬೇರೆ ಟ್ರೌಟ್‌ಗಳಿಗಿಂತ ಹೆಚ್ಚು ಹತ್ತಿರ ಬಂದ ಮೇಲೇ ಕಣ್ಣಿಗೆ ಬೀಳುತ್ತದೆ ಎಂದು ಮುಂದೆ ನಡೆದ ಪ್ರಯೋಗದಲ್ಲಿ ತಿಳಿಯಿತು. ಈ ಫಲಿತಾಂಶ ನನಗೆ ಬಹಳ ಇಷ್ಟ. ಒಂದು ಹಾರ್ಮೋನಿನ ಕೆಲಸ ಮೀನಿನ ಊಟದ ತನಕ ಹೀಗೆ ನೇರವಾಗಿ ಕಾಣಸಿಗುವುದು ಅಪರೂಪ.

ಪ್ರಶ್ನೆ (ಅವರೇ):
ಸರ್, ಆ ಕೋಶಗಳು ಸಾಯುತ್ತವಾ, ಇಲ್ಲಾ ಬದಲಾಗುತ್ತವಾ?

ಉತ್ತರ:
ಸಾಲ್ಮನ್, ಟ್ರೌಟ್‌ಗಳಲ್ಲಿ ಎರಡೂ ಇದೆ. ಕೆಲವು ಸಾಯುತ್ತವೆ. ಕೆಲವು ಬದುಕಿದ್ದಂತೆಯೇ ನೇರಳಾತೀತ ಆಪ್ಸಿನ್ ಮಾಡುವುದನ್ನು ಬಿಟ್ಟು ನೀಲಿಯ ಆಪ್ಸಿನ್ ಮಾಡತೊಡಗುತ್ತವೆ. ಪೆಸಿಫಿಕ್ ಸಾಲ್ಮನ್‌ನಲ್ಲಿ ಇದನ್ನು 2004ರಲ್ಲಿ ತೋರಿಸಿದರು. ಆಪ್ಸಿನ್ ಅಂದರೆ ಯಾವ ಬಣ್ಣಕ್ಕೆ ಕೋಶ ಸ್ಪಂದಿಸಬೇಕು ಎಂದು ಗೊತ್ತುಮಾಡುವ ಪ್ರೋಟೀನ್. ಕೋಶ ಅದೇ, ಹಿಡಿಯುವ ಬಣ್ಣ ಬೇರೆ.

ನಿಮ್ಮ ಹುಡುಗನ ಜೀಬ್ರಾಫಿಶ್‌ನ ಕಥೆ ಇನ್ನೂ ಸೊಗಸಾಗಿದೆ. ಅದಕ್ಕೆ ಕೆಂಪಿನ ಕಡೆಗೆ ಎರಡು ಆಪ್ಸಿನ್‌ಗಳಿವೆ: ಒಂದರ ಗರಿಷ್ಠ ಸ್ಪಂದನ ಸುಮಾರು 548 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ, ಇನ್ನೊಂದರದು ಕೆಂಪಿಗೆ ತುಸು ಹತ್ತಿರದ ಸುಮಾರು 558ಕ್ಕೆ. ಥೈರಾಯ್ಡ್ ಹಾರ್ಮೋನ್ ಸಿಕ್ಕಾಗ ಕೋಶಗಳು ಮೊದಲನೆಯದನ್ನು ಕೈಬಿಟ್ಟು ಎರಡನೆಯದಕ್ಕೆ ವಾಲುತ್ತವೆ. ಈ ಹಾರ್ಮೋನನ್ನು ಗುರುತಿಸುವ ಬೀಟಾ ಗ್ರಾಹಕದ ಜೀನ್ ಕೆಡಿಸಿದರೆ ಕೆಂಪು ಶಂಕುಕೋಶಗಳೇ ಹುಟ್ಟುವುದಿಲ್ಲ, ನೇರಳಾತೀತ ಕೋಶಗಳು ಹೆಚ್ಚುತ್ತವೆ. ಇದು ಮೀನಿಗಷ್ಟೇ ಸೀಮಿತವಲ್ಲ. ಇಲಿಯಲ್ಲಿ ಹಸಿರು ಹಿಡಿಯುವ ಕೋಶಗಳಿಗೂ ಇದೇ ಗ್ರಾಹಕ ಬೇಕು ಎಂದು 2001ರಲ್ಲೇ ಗೊತ್ತಾಗಿತ್ತು.

ಹಾರ್ಮೋನ್ ಮೀನಿನ ಬಣ್ಣದ ದೃಷ್ಟಿ ಬದಲಿಸುವ ಇನ್ನೊಂದು ದಾರಿಯೂ ಇದೆ. ಆಪ್ಸಿನ್ ಒಳಗೆ ಕೂರುವುದು ವಿಟಮಿನ್ 'ಎ'ಯಿಂದ ಬರುವ ಅಣು. ಹಾರ್ಮೋನ್ ಹೆಚ್ಚಾದರೆ ಒಂದು ಕಿಣ್ವ ಚುರುಕಾಗಿ ವಿಟಮಿನ್ ಎ1 ಅನ್ನು ಎ2 ಆಗಿ ಮಾರ್ಪಡಿಸುತ್ತದೆ, ಕಣ್ಣಿನ ಸ್ಪಂದನ ಕೆಂಪು ಬೆಳಕಿನತ್ತ ಇನ್ನಷ್ಟು ಸರಿಯುತ್ತದೆ. ಆ ಕಿಣ್ವ ಯಾವುದೆಂದು 2015ರಲ್ಲಿ ಪತ್ತೆಯಾಯಿತು. ಕೆಂಪು ಬೆಳಕೇ ಹೆಚ್ಚು ದೂರ ಸಾಗುವ ಕದಡಿದ ನೀರಿನಲ್ಲಿ ಇದರಿಂದ ಅನುಕೂಲ.

ಈಗ ಮಾತ್ರೆಯ ವಿಷಯ. ಅದು ಅಮ್ಮನಿಗೆ ವೈದ್ಯರು ಅಳೆದು ಕೊಟ್ಟ ಔಷಧಿ, ಒಂದೂ ತಪ್ಪಬಾರದು. ಮೀನಿಗೆ ಆ ಹಾರ್ಮೋನ್ ಕಣ್ಣಿಗಷ್ಟೇ ತಾಕುವುದಿಲ್ಲ, ಬೆಳವಣಿಗೆ, ಮೈಬಣ್ಣ ಎಲ್ಲದರಲ್ಲೂ ಕೈಯಾಡಿಸುತ್ತದೆ. ತೊಟ್ಟಿಯ ನೀರು ಚರಂಡಿಗೆ ಹೋಗಿ ಹಳ್ಳ ಸೇರಿದರೆ ಅಲ್ಲಿನ ಗೊದಮೊಟ್ಟೆಗಳಿಗೂ ಅದೇ ಹಾರ್ಮೋನ್. ಇಷ್ಟೆಲ್ಲ ಮಾಡಿದರೂ ಅವನಿಗೆ ಏನೂ ಕಾಣುವುದಿಲ್ಲ, ಏಕೆಂದರೆ ಹೊರಗಿನಿಂದ ಕಣ್ಣು ಮೊದಲಿನಂತೆಯೇ ಇರುತ್ತದೆ.

ಕುತೂಹಲಕ್ಕೆ ಬೇರೆ ಕೆಲಸ ಕೊಡಿ. ದುಂಡನೆಯ ಗಾಜಿನ ಪಾತ್ರೆಯಲ್ಲಿ ಒಂದು ಮೀನು ಬಿಟ್ಟು, ಸುತ್ತ ಕೆಂಪು-ಕಪ್ಪು ಪಟ್ಟೆಯ ಕಾಗದ ಸುತ್ತಿ ನಿಧಾನ ತಿರುಗಿಸಲಿ. ಜೀಬ್ರಾಫಿಶ್ ಸಾಮಾನ್ಯವಾಗಿ ಪಟ್ಟೆಯ ಜೊತೆಗೇ ಈಜುತ್ತದೆ. ಆಮೇಲೆ ನೀಲಿ-ಕಪ್ಪು ಪಟ್ಟೆ ಹಾಕಿ ಹೋಲಿಸಿ ನೋಡಲಿ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಮೀನು ದಣಿಯುತ್ತೆ. ಏನು ಕಂಡ ಅಂತ ಇಲ್ಲೇ ಬರೆಯಲು ಹೇಳಿ ಮೇಡಂ, ನಾನು ಓದ್ತೀನಿ.