ದ್ರವ ಪ್ರೊಪೇನ್ ಇಂಜೆಕ್ಷನ್: ಬಿಸಿಯಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ:
ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿಗೆ, ಪ್ರೊಪೇನನ್ನು ಆವಿ ಮಾಡದೆ ದ್ರವರೂಪದಲ್ಲೇ ಇಂಟೇಕ್ ಪೋರ್ಟಿಗೆ (ಸಿಲಿಂಡರಿಗೆ ಗಾಳಿ ಹೋಗುವ ದ್ವಾರಕ್ಕೆ) ಸಿಂಪಡಿಸುವ ವ್ಯವಸ್ಥೆಯನ್ನು ಅಳವಡಿಸಿದ್ದೇವೆ. ಟ್ಯಾಂಕಿನೊಳಗಿನ ಪಂಪು ಟ್ಯಾಂಕಿನ ಒತ್ತಡಕ್ಕಿಂತ 5 ಬಾರ್ ಹೆಚ್ಚು ಕೊಡುತ್ತದೆ. ಮಿಕ್ಕ ಇಂಧನ, ಅದನ್ನು ಸಿಂಪಡಿಸುವ ಇಂಜೆಕ್ಟರುಗಳಿಗೆ ಹಂಚುವ ಕೊಳವೆಯ (ರೈಲಿನ) ತುದಿಯಲ್ಲಿ ಒತ್ತಡ ಕಾಯುವ ರೆಗ್ಯುಲೇಟರ್ ದಾಟಿ ಟ್ಯಾಂಕಿಗೆ ಮರಳುತ್ತದೆ. ತಣ್ಣಗಿರುವಾಗ ಎಂಜಿನ್ ತಕ್ಷಣ ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟರೆ, ಕಿಡಿಯೂ ಇಂಜೆಕ್ಟರ್ ಸಿಗ್ನಲ್ಲೂ ಸರಿಯಾಗಿದ್ದರೂ ಹೊತ್ತಿಕೊಳ್ಳುವುದಿಲ್ಲ. ದೊಡ್ಡ ಪಂಪ್ ಹಾಕಬೇಕೇ? ರೈಲಿನಲ್ಲಿ ದ್ರವ ಉಳಿಯಲೆಂದು ಅದರ ಎರಡೂ ತುದಿಗೆ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಹಾಕುವ ಯೋಚನೆಯೂ ಇದೆ.

ಉತ್ತರ:
ವಾಲ್ವಿನ ಯೋಚನೆಯನ್ನು ದಯವಿಟ್ಟು ಈಗಲೇ ನಿಲ್ಲಿಸಿ. ಮುಚ್ಚಿದ ಎರಡು ವಾಲ್ವುಗಳ ನಡುವೆ ದ್ರವ ಪ್ರೊಪೇನ್ ತುಂಬಿಕೊಂಡು ಬಿಸಿಯಾದರೆ ಹಿಗ್ಗಲು ಜಾಗವಿಲ್ಲದೆ ಒತ್ತಡ ವಿಪರೀತ ಏರಿ ಹೋಸ್ ಒಡೆಯಬಹುದು. ಟ್ಯಾಂಕನ್ನು ಶೇ 80ಕ್ಕಿಂತ ಹೆಚ್ಚು ತುಂಬದಿರುವುದೂ ಇದೇ ಕಾರಣಕ್ಕೆ. ಹಾಗೆ ಮುಚ್ಚಿಕೊಳ್ಳಬಹುದಾದ ಪ್ರತಿ ಭಾಗಕ್ಕೂ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತಾನೇ ತೆರೆಯುವ ವಾಲ್ವ್) ಇರಲೇಬೇಕು. ಸೋರಿದ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾಗಿರುವುದರಿಂದ ನೆಲದಲ್ಲಿ ನಿಲ್ಲುತ್ತದೆ. ಗ್ಯಾಸ್ ಸೆನ್ಸರ್ ನೆಲದ ಹತ್ತಿರವಿರಲಿ.

ಇನ್ನು, ಎಂಜಿನ್ ನಿಲ್ಲಿಸಿದ ನಂತರ ರೈಲಿನ ಮತ್ತು ಟ್ಯಾಂಕಿನ ಉಷ್ಣಾಂಶವನ್ನು ಅಳೆದು ತಿಳಿಸಿ. ಇಂಧನ ಶುದ್ಧ ಪ್ರೊಪೇನೇ, ಅಥವಾ ಬಂಕಿನ ಆಟೋ ಎಲ್‌ಪಿಜಿಯೇ ಎಂಬುದೂ ಮುಖ್ಯ. ಎಲ್‌ಪಿಜಿಯಲ್ಲಿ ಬ್ಯೂಟೇನ್ ಸೇರಿರುವುದರಿಂದ ಅದರ ಆವಿಯ ಒತ್ತಡ, ಅಂದರೆ ಅದನ್ನು ದ್ರವವಾಗಿ ಹಿಡಿದಿಡಲು ಬೇಕಾದ ಒತ್ತಡ, ಕಡಿಮೆ.

ಪ್ರಶ್ನಿಸಿದವರು:
ಧನ್ಯವಾದಗಳು ಸರ್, ವಾಲ್ವಿನ ಯೋಚನೆ ಬಿಟ್ಟಿದ್ದೇವೆ. ಇಂಧನ ಶುದ್ಧ ಪ್ರೊಪೇನ್. ಟ್ಯಾಂಕ್ 34 ಡಿಗ್ರಿ, ರೈಲು 75 ಡಿಗ್ರಿ ಇತ್ತು.

ಉತ್ತರ:
ಹಾಗಾದರೆ ಕಾರಣ ಸ್ಪಷ್ಟವಾಗಿದೆ. 34 ಡಿಗ್ರಿಯಲ್ಲಿ ಪ್ರೊಪೇನಿನ ಆವಿಯ ಒತ್ತಡ, ವಾತಾವರಣದ ಒತ್ತಡವನ್ನೂ ಸೇರಿಸಿ, ಸುಮಾರು 12 ಬಾರ್. ಪಂಪಿನ 5 ಸೇರಿದರೆ 17 ಬಾರ್. ಆ ಒತ್ತಡದಲ್ಲಿ ಪ್ರೊಪೇನ್ ಸುಮಾರು 50 ಡಿಗ್ರಿಯವರೆಗೆ ಮಾತ್ರ ದ್ರವವಾಗಿರುತ್ತದೆ. 75 ಡಿಗ್ರಿಯಲ್ಲಿ ಅದನ್ನು ದ್ರವವಾಗಿ ಹಿಡಿದಿಡಲು 28 ಬಾರಿಗೂ ಹೆಚ್ಚು ಬೇಕು. ಅಂದರೆ ನಿಮ್ಮ ಇಂಜೆಕ್ಟರುಗಳು ತೆರೆದಾಗ ಹೊರಬರುತ್ತಿರುವುದು ಬರೀ ಆವಿ. ಅಷ್ಟೇ ಹೊತ್ತಿನಲ್ಲಿ ದ್ರವ ಕೊಡುವ ಇಂಧನದ ಸಣ್ಣ ಪಾಲಷ್ಟೇ ಅದರಲ್ಲಿರುತ್ತದೆ.

ಒತ್ತಡದಿಂದ ಇದನ್ನು ಗೆಲ್ಲಲು ಹೋಗಬೇಡಿ, ರೈಲನ್ನು ತಂಪು ಮಾಡಿ. ಕ್ರ್ಯಾಂಕ್ ಮಾಡುವ (ಸ್ಟಾರ್ಟರಿನಿಂದ ಎಂಜಿನ್ ತಿರುಗಿಸುವ) ಮೊದಲು ಪಂಪನ್ನು ಚಲಾಯಿಸಿ, ಟ್ಯಾಂಕಿನ ತಂಪು ದ್ರವ ರೈಲಿನ ಆವಿಯನ್ನು ತಳ್ಳಿಕೊಂಡು ಮರಳು ಕೊಳವೆಯಿಂದ ಹೋಗುವಂತೆ ಮಾಡಿ. ರೈಲು 45 ಡಿಗ್ರಿಗೆ ಇಳಿದ ಮೇಲಷ್ಟೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರ್ ತೆರೆಯಲಿ. ರೈಲನ್ನು ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕವಲು ಕೊಳವೆಗೆ) ಲೋಹದ ಕ್ಲ್ಯಾಂಪಿನಲ್ಲಿ ಬಿಗಿದಿದ್ದರೆ ನಡುವೆ ಶಾಖ ನಿರೋಧಕ ಬಿಲ್ಲೆ ಕೊಡಿ. ಆದರೆ ಓಡುವಾಗಲೂ ಪಂಪನ್ನು ಪೂರ್ಣ ವೇಗದಲ್ಲಿ ಇಟ್ಟರೆ ಮರಳುವ ಬಿಸಿ ಇಂಧನ ಟ್ಯಾಂಕನ್ನೇ ಕಾಯಿಸುತ್ತದೆ, ಆದ್ದರಿಂದ ವೇಗವನ್ನು ಬೇಡಿಕೆಗೆ ತಕ್ಕಂತೆ ಇಳಿಸಿ. 20ರಿಂದ 50 ಡಿಗ್ರಿಗೆ ಏರುವಷ್ಟರಲ್ಲಿ ದ್ರವದ ಸಾಂದ್ರತೆ ಸುಮಾರು ಶೇ 10ರಷ್ಟು ಕುಸಿಯುವುದರಿಂದ, ಇಂಜೆಕ್ಷನ್ ಅವಧಿಯ ಲೆಕ್ಕಕ್ಕೆ ರೈಲಿನ ಉಷ್ಣಾಂಶವನ್ನೂ ಸೇರಿಸಿಕೊಳ್ಳಿ.

ಪ್ರಶ್ನಿಸಿದವರು:
ಹಾಗೆಯೇ ಮಾಡಿದೆವು, ಈಗ ಬಿಸಿಯಲ್ಲೂ ಸ್ಟಾರ್ಟ್ ಆಗುತ್ತಿದೆ. ಆದರೆ ಮಳೆಯ ದಿನ ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟಾಗ ಎರಡನೇ ಸಿಲಿಂಡರ್ ಮಿಸ್ ಆಗತೊಡಗುತ್ತದೆ, ನಿಲ್ಲಿಸಿ ಸ್ವಲ್ಪ ಕಾದರೆ ತಾನೇ ಸರಿಹೋಗುತ್ತದೆ.

ಉತ್ತರ:
ಅದು ಇಂಜೆಕ್ಟರ್ ತುದಿಯಲ್ಲಿ ಕಟ್ಟುವ ಹಿಮವೇ ಇರಬೇಕು. ವಾತಾವರಣದ ಒತ್ತಡದಲ್ಲಿ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ ಮತ್ತು ಕಿಲೋವೊಂದು ಆವಿಯಾಗಲು ಸುಮಾರು 425 ಕಿಲೋಜೂಲ್ ಶಾಖವನ್ನು ಸುತ್ತಮುತ್ತಲಿನಿಂದ ಹೀರುತ್ತದೆ. ಒಳಬರುವ ಗಾಳಿಯ ತೇವ ಆ ತಣ್ಣನೆಯ ಲೋಹಕ್ಕೆ ಅಂಟಿ ಗಟ್ಟಿಯಾಗುತ್ತದೆ. ರಂಧ್ರದ ತುದಿಯನ್ನು ಹಿಮ ಹಿಡಿಯದ ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ, ಅದರ ಸುತ್ತಲಿನ ಲೋಹದ ಕವಚಕ್ಕೆ ಮ್ಯಾನಿಫೋಲ್ಡಿನ ಬಿಸಿ ತಾಗುವಂತೆ ಕೂರಿಸಿ. ಅದಕ್ಕೂ ಮೊದಲು ಎರಡನೇ ಮತ್ತು ಮೂರನೇ ಸಿಲಿಂಡರಿನ ಇಂಜೆಕ್ಟರುಗಳನ್ನು ಅದಲುಬದಲು ಮಾಡಿ ನೋಡಿ. ದೋಷ ಇಂಜೆಕ್ಟರಿನೊಂದಿಗೇ ಮೂರಕ್ಕೆ ಹೋದರೆ ತುದಿಯನ್ನು ಶಂಕಿಸಬೇಕು, ಎರಡರಲ್ಲೇ ಉಳಿದರೆ ಆ ಪೋರ್ಟಿಗೆ ಬಿಸಿ ಸಾಕಷ್ಟು ತಲುಪುತ್ತಿಲ್ಲ.