‘ಕರಗುವ ನಾರು’: ಇಲ್ಲಿ ಕರಗುವುದು ಯಾವುದು?

ಗೆಳೆಯರೇ,

ಪ್ರಾಣಿಗಳ ಆಹಾರದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ತಿನ್ನುವ ಕಾರ್ಬೋಹೈಡ್ರೇಟ್ ಬದಲಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಖನಿಜಗಳು ಮೈ ಸೇರುವ ಪ್ರಮಾಣವೂ ಬದಲಾಗುತ್ತದೆ ಅನ್ನುವುದು ವಿಷಯ. ‘ಕರಗು’ ಅನ್ನುವ ಪದ ಹೆಜ್ಜೆಹೆಜ್ಜೆಗೂ ಕಾಲಿಗೆ ತೊಡರುತ್ತಿದೆ.

ಇನ್ಯುಲಿನ್ ತಗೊಳ್ಳಿ. (ಇನ್ಸುಲಿನ್ ಅಲ್ಲ! ಕರಡು ಓದಿದ ಸ್ನೇಹಿತರೊಬ್ಬರು ಹಾಗಂತ ತಿದ್ದಿಯೇ ಬಿಟ್ಟಿದ್ದರು.) ಚಿಕೋರಿ ಬೇರಿನಲ್ಲಿ ಜಾಸ್ತಿ ಇರುವ ಕಾರ್ಬೋಹೈಡ್ರೇಟ್ ಅದು. ಅದನ್ನು ‘ಕರಗುವ ನಾರು’ ಅಂತಾರೆ. ನೀರಲ್ಲಿ ಕರಗುತ್ತದೆ, ಅಷ್ಟೇ ಅರ್ಥ. ಆದರೆ ‘ತಿಂದದ್ದು ಇನ್ನೂ ಕರಗಿಲ್ಲ’ ಅನ್ನುವ ನಮ್ಮ ಕಿವಿಗೆ ಅದು ಜೀರ್ಣವಾಗುವ ನಾರು ಅಂತಲೇ ಕೇಳಿಸುತ್ತದೆ, ಅಲ್ವಾ? ಆಗುವುದು ತದ್ವಿರುದ್ಧ. ಅದನ್ನು ಒಡೆಯುವ ಕಿಣ್ವ ಸಣ್ಣ ಕರುಳಿನಲ್ಲಿಲ್ಲ. ಇದ್ದಹಾಗೇ ದೊಡ್ಡ ಕರುಳಿಗಿಳಿದು ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಅವು ಅದನ್ನು ಹುಳಿ ಬರಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತವೆ. ಆ ಹುಳಿಗೆ ಕ್ಯಾಲ್ಸಿಯಂ ಕರಗಿ, ಕರುಳಿನ ಗೋಡೆ ದಾಟುವುದು ಸುಲಭವಾಗುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ.

‘ಕರಗುವ ನಾರು ಕರಗುವುದಿಲ್ಲ, ಅದಕ್ಕೇ ಕ್ಯಾಲ್ಸಿಯಂ ಕರಗುತ್ತದೆ’ ಅಂತ ಬರೆದು ನಾನೇ ನಕ್ಕೆ.

ನನಗೆ ಹೊಳೆದದ್ದು ‘ಅರಗು’. ನೀರಲ್ಲಿ ಕರಗುತ್ತದೆ, ಹೊಟ್ಟೆಯಲ್ಲಿ ಅರಗುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಈಗ ‘ಅರಗಿಸಿಕೊಳ್ಳು’ ಅನ್ನುವುದು ಕಹಿ ಸತ್ಯಕ್ಕೇ ಮೀಸಲಾದಂತಿದೆ. ಬರೀ ‘ಅರಗು’ ಅಂದರೆ ಕೆಲವರಿಗೆ ಪಾಂಡವರ ಅರಗಿನ ಮನೆ ನೆನಪಾಗುತ್ತದೆ. ಇನ್ನು ‘ನಾರು’ ಪದದ ತಕರಾರು ಬೇರೆ. ಇನ್ಯುಲಿನ್ ಬಿಳಿ ಪುಡಿ, ಎಳೆಯೂ ಇಲ್ಲ, ಹುರಿಯೂ ಇಲ್ಲ. ಆದರೂ ಆ ಪದ ಬೇರೂರಿಬಿಟ್ಟಿದೆ, ಕೀಳಲು ಹೋಗುವುದಿಲ್ಲ.

ಇನ್ನೊಂದು ಪ್ರಶ್ನೆ. ಪ್ರಯೋಗದಲ್ಲಿ ಇಲಿ ತಿಂದ ಕ್ಯಾಲ್ಸಿಯಂನಿಂದ ಹಿಕ್ಕೆಯಲ್ಲಿ ಹೋದದ್ದನ್ನು ಕಳೆಯುತ್ತಾರೆ. ಉಳಿದದ್ದು ‘ಹೀರಿಕೆ’. ಹಿಕ್ಕೆಯಲ್ಲಿರುವ ಸ್ವಲ್ಪ ಕ್ಯಾಲ್ಸಿಯಂ ಮೈಯಿಂದಲೇ ಜೀರ್ಣರಸದ ಜೊತೆ ಕರುಳಿಗೆ ಬಂದಿರುತ್ತದೆ. ಹಾಗಾಗಿ ಕಳೆದು ಉಳಿದದ್ದು ನಿಜವಾದ ಹೀರಿಕೆಯ ಪೂರ್ತಿ ಲೆಕ್ಕವಲ್ಲ, ಅದನ್ನು ‘ತೋರಿಕೆಯ ಹೀರಿಕೆ’ ಅನ್ನಬಹುದೇನೋ. ‘ತೋರಿಕೆ’ಯಲ್ಲಿ ಸೋಗಿನ ವಾಸನೆ ಇದೆ, ಅದೇ ಅಳುಕು. ಮೂತ್ರದಲ್ಲಿ ಹೋದದ್ದನ್ನೂ ಕಳೆದ ಮೇಲೆ ಉಳಿಯುವುದಕ್ಕೆ ‘ಮೈಗೆ ಹತ್ತಿದ್ದು’ ಅನ್ನೋಣ ಅಂತಿದ್ದೇನೆ. ‘ಎಷ್ಟು ತಿಂದರೂ ಮೈಗೆ ಹತ್ತಲ್ಲ’ ಅಂತೀವಲ್ಲ, ಅದೇ. ಲೇಖನಕ್ಕೆ ತೀರಾ ಆಡುಮಾತಾಯಿತೇ?