ಪಾಚಿ ಉಜ್ಜಿಹಾಕುವ ಮೊದಲು ಫೋಟೊ ತೆಗೆದಿಡಿ

ಗೋಕರ್ಣದ ವಸತಿಗೃಹವೊಂದರ ಚಿರೆಕಲ್ಲಿನ ಮೆಟ್ಟಿಲಲ್ಲಿ ನಿಮ್ಮ ತಾಯಿಯವರು ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಮಾಲೀಕರು ‘ಮಳೆಗಾಲದಲ್ಲಿ ನೋಡಿ ಕಾಲಿಡಬೇಕಿತ್ತು’ ಎಂದು ಕೈತೊಳೆದುಕೊಂಡಿದ್ದಾರೆ. ಮುಂದೇನು ಎಂದು ಕೇಳಿದ್ದೀರಿ. ಮೂರು ವರ್ಷಗಳ ಹಿಂದೆ ಕಾರವಾರದ ಲಾಡ್ಜೊಂದರಲ್ಲಿ ನಮ್ಮ ಅತ್ತೆಗೂ ಹೀಗೆಯೇ ಆಗಿತ್ತು.

ಅತ್ತೆಯನ್ನು ಆಂಬುಲೆನ್ಸಿಗೆ ಹತ್ತಿಸುವ ಗಡಿಬಿಡಿಯಲ್ಲೂ ನನ್ನ ತಮ್ಮ ಆ ಮೆಟ್ಟಿಲಿನ ಫೋಟೊ ತೆಗೆದಿದ್ದ. ಹಸಿರು ಪಾಚಿಯ ಮೇಲೆ ಅವರ ಹಿಮ್ಮಡಿ ಎಳೆದ ಉದ್ದನೆಯ ಗೀರು, ಪಕ್ಕದಲ್ಲಿ ರೇಲಿಂಗ್ ಕಿತ್ತುಹೋದ ಕುಳಿ, ಮೇಲೆ ಬಲ್ಬಿಲ್ಲದ ಹೋಲ್ಡರ್, ಮೂರೂ ಅದರಲ್ಲಿದ್ದವು. ಮರುದಿನ ಸಾಮಾನು ತರಲು ಹೋದಾಗ ಮೆಟ್ಟಿಲನ್ನು ಬ್ಲೀಚಿಂಗ್ ಪುಡಿ ಹಾಕಿ ಸ್ವಚ್ಛವಾಗಿ ಉಜ್ಜಿದ್ದರು. ಆ ಫೋಟೊ ಇಲ್ಲದಿದ್ದರೆ ನಮ್ಮ ಮಾತಿಗೆ ಆಧಾರವೇ ಇರುತ್ತಿರಲಿಲ್ಲ.

ಅಪಾಯ ಮಾಲೀಕರಿಗೆ ಗೊತ್ತಿತ್ತೇ, ಇಲ್ಲವೇ ಗೊತ್ತಿರಬೇಕಿತ್ತೇ, ಅದನ್ನು ತಡೆಯಲು ತಕ್ಕ ಎಚ್ಚರ ವಹಿಸಿದ್ದರೇ ಎಂಬುದೇ ಇಲ್ಲಿ ಮುಖ್ಯ. ದಿಲ್ಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ, ದೋಷ ಹೊರಗೆ ಕಾಣುತ್ತಿರಲಿಲ್ಲವೆಂಬ ಕಾರಣಕ್ಕೆ ರಸ್ತೆ ಬದಿಯ ಕಟ್ಟಡದ ಒಡೆಯರು ಹೊಣೆಯಿಂದ ಪಾರಾಗುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1966ರಲ್ಲೇ ಹೇಳಿದೆ. ಪಾಚಿಯಂತೂ ಕಣ್ಣಿಗೆ ಕಾಣುವ ದೋಷ. ಮಳೆಗಾಲ ಬಂತೆಂದರೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಕೊಳ್ಳುವ ನಮ್ಮ ಜಿಲ್ಲೆಯಲ್ಲಿ, ಕಲ್ಲು ಜಾರುತ್ತದೆಂದು ತಿಳಿದಿರಲಿಲ್ಲ ಎನ್ನುವ ಮಾತನ್ನು ನಾನು ಒಪ್ಪಲಾರೆ. ಆದರೆ ಎಚ್ಚರಿಕೆಯ ಫಲಕವಿದ್ದೂ ನಿಮ್ಮವರು ಗಮನಿಸಿರದಿದ್ದರೆ ಪರಿಹಾರದ ಮೊತ್ತ ತಗ್ಗಬಹುದು. ‘ಮಾಲೀಕರು ಜವಾಬ್ದಾರರಲ್ಲ’ ಎಂಬ ಬೋರ್ಡಿಗೆ ಮಾತ್ರ ಹೆದರಬೇಡಿ, ಅದೊಂದರಿಂದಲೇ ಹೊಣೆ ಕಳಚುವುದಿಲ್ಲ.

ಬಾಡಿಗೆ ಕೊಟ್ಟು ತಂಗಿದ್ದರಿಂದ ನಿಮ್ಮ ತಾಯಿಯವರು ಗ್ರಾಹಕರು. ಘಟನೆಯಾದ 2 ವರ್ಷಗಳೊಳಗೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೂ ಸಲ್ಲಿಸಬಹುದು. ಕೊಟ್ಟ ಬಾಡಿಗೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಇದು ನಮಗೆ ತಡವಾಗಿ ತಿಳಿಯಿತು.

ನಮ್ಮ ವಿಷಯ ವಕೀಲರ ನೋಟಿಸಿನಲ್ಲೇ ಮುಗಿಯಿತು. ಆಪರೇಷನ್ ಖರ್ಚು ಕೊಟ್ಟರು, ಆರು ತಿಂಗಳ ಆರೈಕೆಯ ಖರ್ಚು ಕೊಡಲಿಲ್ಲ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ‘ಬಿದ್ದು ಪೆಟ್ಟು’ ಎಂದಷ್ಟೇ ಬರೆದಿದ್ದು ನಮಗೆ ಬಹಳ ತೊಡಕಾಯಿತು. ಎಲ್ಲಿ, ಹೇಗೆ ಬಿದ್ದರೆಂಬುದು ನಿಮ್ಮ ತಾಯಿಯವರ ಕಾಗದದಲ್ಲಿದೆಯೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಡಿಸ್ಚಾರ್ಜಿಗೆ ಮೊದಲು ವೈದ್ಯರಿಗೆ ಹೇಳಿ ಬರೆಸಿಕೊಳ್ಳಿ.